ಸರದಾರನ ನಮಸ್ಕಾರ

೧೯೩೮ ಜುಲೈ ೧೧

ಅಖಂಡ ಐಶ್ವರ್ಯ ಸಂಪನ್ನರೂ, ಕೆಂಪು ರಟ್ಟಿನ ಕವಚಧಾರಿಗಳೂ, ಮುನ್ನೂರರವತ್ತೈದು ಪುಟಗಳ ಸೈನ್ಯಕ್ಕೆ ಅಧಿಪತಿಗಳೂ ಆದ ರಾಜಮಾನ್ಯ ರಾಜಶ್ರೀ ದಿನಚರಿ ಪುಸ್ತಕ ಖಾವಂದರ ಚರಣಗಳಿಗೆ, ಬನಹಟ್ಟಿಯ ನೂಲಿನ ವ್ಯಾಪಾರಿ ಅನಂತಪ್ಪನವರ ಏಕಮಾತ್ರ ಪುತ್ರ, ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ವೀರಾವೇಶದಿಂದ ಕಾದಾಡಿ ಬಿದ್ದ ವೃಷಭನ ಸಾಷ್ಟಾಂಗ ದಂಡವತ್. ಗಿರಣಿಯವರು ಅಪ್ಪನಿಗೆ ಪುಕ್ಕಟೆ ಕೊಟ್ಟ ತಾವು ಆರು ತಿಂಗಳು ಗಾದಿಯ ಕೆಳಗೆ ಅಜ್ಞಾತವಾಸ ಮಾಡಿದಿರಿ. ಇಂದು ನನ್ನ ಕೈಯಲ್ಲಿ ತಮ್ಮ ಪಟ್ಟಾಭಿಷೇಕವಾಗಿದೆ. ಅದಕ್ಕೆ ತಕ್ಕ ವರದಿಯನ್ನೇ ಒಪ್ಪಿಸುತ್ತೇನೆ.

ನಮ್ಮ ಮನೆಯಲ್ಲಿ ಮೊಲಗಳಿವೆ. ಹೊಲದಲ್ಲಿ ಓಡುವ ಮೊಲಗಳಲ್ಲ. ಹತ್ತಿ ಗುಡ್ಡೆ ಹಾಕಿ ಅದಕ್ಕೆ ಎರಡು ಕಿವಿ ಚುಚ್ಚಿದಂತಿರುವ ವಿಲಾಯತಿ ಮೊಲಗಳು. ಅಪ್ಪನ ತಂಗಿ ಪದ್ಮವ್ವ ಅತ್ತೆಯವು. ಮಾವ ಬದುಕಿದ್ದಾಗ ಬೆಳಗಾವಿಯ ದಂಡಿನಲ್ಲಿ ಊರು ಬಿಟ್ಟು ಹೊರಟಿದ್ದ ಇಂಗ್ಲಿಷ್ ಮಡಮ್ಮ ಒಬ್ಬಳಿಂದ ಒಂದು ಜೋಡಿ ತಂದಿದ್ದ. ಮಾವ ತೀರಿಕೊಂಡ ಮೇಲೆ ಮುಧೋಳದ ಗಂಡನ ಮನೆಯಿಂದ ಅತ್ತೆ ಬಂದಾಗ ಅವಳ ಜೊತೆ ಬಂದದ್ದು ಒಂದು ಟ್ರಂಕು, ಒಂದು ಮೊಲದ ಬುಟ್ಟಿ. ಮೊಲಗಳ ಉದುರುಗೂದಲನ್ನು ಬಾಚಿ ತೆಗೆದು ಅತ್ತೆ ನೂಲುತ್ತಾಳೆ, ಬೀದಿಯಾಚೆಯ ನೇಕಾರ ಮಲಕಾಜಪ್ಪ ಅದರಿಂದ ಶಾಲು ನೇಯುತ್ತಾನೆ. ಅದನ್ನು ಹೊದ್ದವರು ಮಾತಾಡುವುದನ್ನೇ ನಿಲ್ಲಿಸಿ ಸುಮ್ಮನೆ ಸವರಿಕೊಳ್ಳುತ್ತ ಕೂರುತ್ತಾರೆ.

ಹೆಣ್ಣು ನಾಲ್ಕು: ಬೆಳ್ಳಿ, ಅರಳಿ, ಮುತ್ತಿ, ಸಕ್ಕರಿ. ಗಂಡುಗಳಲ್ಲಿ ಹಿರಿಯ ಸರದಾರ, ಕಿರಿಯ ಪುಂಡ. ಪುಂಡನು ಬಸದಿಯ ಹಿರಿಯಜ್ಜಿ ಅಕ್ಕಮ್ಮನ ಬೆರಳು ಕಚ್ಚಿದ ಅಪರಾಧಕ್ಕಾಗಿ ಹಿತ್ತಲಿನ ದನದ ಚಪ್ಪರಕ್ಕೆ ಗಡೀಪಾರಾಗಿದ್ದಾನೆ. ಉಳಿದವರ ವಾಸ ಅಪ್ಪನ ನೂಲಿನ ಕೋಣೆಯಲ್ಲಿ.

ಇನ್ನು ಇಂದಿನ ಮಹತ್ಕಾರ್ಯ. ಸರದಾರ ಹೋದ ತಿಂಗಳು ರಬಕವಿಯ ಪರಿಚಯದವರ ಮೊಲಗಳ ಬಳಿಗೆ ಅಳಿಯನಾಗಿ ಹೋಗಿ ಬಂದ. ಬಂದಾಗಿನಿಂದ ಗಳಿಗೆಗೊಮ್ಮೆ ಎರಡೂ ಮುಂಗಾಲನ್ನು ಜೋಡಿಸಿ ಮುಖಕ್ಕೆ ಒಯ್ಯುತ್ತಾನೆ. ಊದುಬತ್ತಿಯ ಹೊಗೆ ತಾಗಿದರಂತೂ ಬಿಡುವೇ ಇಲ್ಲ. ಮುಂಜಾನೆ ಅಕ್ಕಮ್ಮಜ್ಜಿ ಬಂದಾಗ ಒಂದು ಊದುಬತ್ತಿ ಹಚ್ಚಿ, ಕಣ್ಣು ಮುಚ್ಚಿ, ಗಟ್ಟಿಯಾಗಿ ಣಮೋಕಾರ ಮಂತ್ರ ಹೇಳಿದೆ. ಸರದಾರ ಕೈ ಮುಗಿದ.

"ಅಯ್ಯಯ್ಯ! ಏ ಪದ್ಮವ್ವಾ, ಬಾರ ಇಲ್ಲಿ! ಮೊಲಾ ನಮಸ್ಕಾರ ಮಾಡಾಕತ್ತೈತಿ!"

"ಮೂರ ದಿನಾ ಆತು ಅಜ್ಜಿ," ಎಂದೆ ಗಂಭೀರವಾಗಿ. "ಯಾರಿಗೂ ಹೇಳಬಾರದು ಅಂತ ಸುಮ್ಮನಿದ್ದೆ."

ಯಾರಿಗೂ ಹೇಳಬಾರದು ಎಂದರೆ ಅಕ್ಕಮ್ಮಜ್ಜಿಗೆ ಡಂಗುರ ಕೊಟ್ಟಂತೆ.

ಜುಲೈ ೧೪

ಖಾವಂದರೇ, ಊರು ಗೆದ್ದೆ. ಎರಡು ದಿನದಿಂದ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಬೆಲ್ಲ, ಕೊಬ್ಬರಿ, ಊದುಬತ್ತಿ. ಸರದಾರನ ಹೆಸರು ಈಗ 'ಭಕ್ತ'. ಅಕ್ಕಮ್ಮಜ್ಜಿಯ ಅಪ್ಪಣೆಯಂತೆ, ಪುಣ್ಯ ತಾಗಲೆಂದು, ಅವನನ್ನು ಒಂದೊಂದು ದಿನ ಒಂದೊಂದು ಹೆಣ್ಣಿನ ಗೂಡಿನಲ್ಲಿ ಕೂರಿಸಲಾಗುತ್ತಿದೆ. ಸಕ್ಕರಿ ಮಾತ್ರ ಪುಣ್ಯವನ್ನು ನಿರಾಕರಿಸಿ ಅವನ ಕಿವಿ ಕಚ್ಚಿದಳು. ಅವಳನ್ನು ಅಡುಗೆಮನೆಯ ಕಿಟಕಿಯ ಬಳಿ ಒಂಟಿಯಾಗಿ ಇಟ್ಟಿದ್ದಾರೆ.

ಅತ್ತೆ ಒಂದೇ ಮಾತು ಕೇಳಿದಳು: "ನಿಂದೇನಾರೆ ಕೈವಾಡ ಐತೇನೋ ಇದರಾಗ?"

"ಛೀ ಛೀ," ಎಂದೆ.

ಜುಲೈ ೨೭

ಮಳೆ ಬಿಟ್ಟಿಲ್ಲ. ನೂಲಿನ ಕೋಣೆಯ ಕಿಟಕಿಗಳನ್ನು ಅಪ್ಪ ಎಂದೂ ತೆರೆಯುವವನಲ್ಲ. ಗಾಳಿಯಾಡಿದರೆ ನೂಲು ಒಣಗುತ್ತದೆ, ಒಣಗಿದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಅಪ್ಪನ ಮುಖ ಇಳಿಯುತ್ತದೆ. ಸಾಲದ್ದಕ್ಕೆ ದಿನಾ ಎರಡು ಕೊಡ ನೀರು ನೆಲಕ್ಕೆ ಚಿಮುಕಿಸುತ್ತಾರೆ. ಒಳಗೆ ಹೋದರೆ ಮೊಲದ ಉಚ್ಚೆಯ ಘಾಟಿಗೆ ಕಣ್ಣಲ್ಲಿ ನೀರು ಬರುತ್ತದೆ.

ಇವತ್ತು ಮಲಕಾಜಪ್ಪ ಬಂದವನು ಬಾಗಿಲಲ್ಲೇ ನಿಂತು ನಕ್ಕ. "ಏನ್ರಿ ಪದ್ಮವ್ವಾರ, ಇಡೀ ಸಂಸಾರಕ್ಕ ಭಕ್ತಿ ಹತ್ತೇತಲ್ಲ!"

ನೋಡಿದೆ. ಬೆಳ್ಳಿ ಕೈ ಮುಗಿಯುತ್ತಿತ್ತು. ಅರಳಿಯೂ ಮುಗಿಯುತ್ತಿತ್ತು. ಮುತ್ತಿ ಸೀನಿ, ಆಮೇಲೆ ಮುಗಿಯಿತು. ಮೂರಕ್ಕೂ ನಾನು ಣಮೋಕಾರ ಹೇಳಿರಲಿಲ್ಲ.

ಬೆಳ್ಳಿಯನ್ನು ಎತ್ತಿಕೊಂಡೆ. ಮುಂಗಾಲಿನ ಒಳಬದಿಯ ಕೂದಲು ಗಂಜಿ ಹಾಕಿದ ಹಾಸುನೂಲಿನಂತೆ ಅಂಟಿ ಗಟ್ಟಿಯಾಗಿತ್ತು. ಮೂಗಿನಿಂದ ಬಿಳಿ ಸಿಂಬಳ. ಎದೆಗೆ ಕಿವಿ ಇಟ್ಟರೆ ಒಳಗೆ ಹಳೆಯ ಚರಕ ತಿರುಗಿದಂತೆ ಗೊರಗೊರ ಶಬ್ದ. ಸರದಾರನ ಪಾದ ನೋಡಿದೆ. ಅದೇ ಗಂಜಿ, ಇನ್ನೂ ದಪ್ಪ.

ಖಾವಂದರೇ, ತಮ್ಮ ಪ್ರಜೆಗೆ ಇವತ್ತು ಊಟ ಅಷ್ಟೊಂದು ರುಚಿಸಲಿಲ್ಲ. ಮಳೆಗೆ ಹೀಗಾಗುತ್ತದೆ.

ಆಗಸ್ಟ್ ೨

ಮುಧೋಳದಿಂದ ತಾತ್ಯಾಸಾಹೇಬ ಬಂದಿದ್ದ. ಮಾವನ ಅಣ್ಣ. ಜರಿಯ ರುಮಾಲು, ಬೆಳ್ಳಿ ಹಿಡಿಯ ಬೆತ್ತ. ಕೂತರೆ ಕುರ್ಚಿಗೇ ಭಯವಾಗುತ್ತದೆ.

"ನಮ್ಮಾಕಿಗೆ ಸೊಂಟಾ ಹಿಡದು ಎದ್ದ ಏಳೂದಿಲ್ಲ, ಅನಂತಪ್ಪ. ಒಂದ ಹೊತ್ತಿಗೆ ಮೂವತ್ತ ಮಂದಿ ಊಟ. ಪದ್ಮವ್ವ ನಮ್ಮ ಮನಿ ಸೊಸಿ. ಆಕೀನ ಕಳಸ್ರಿ."

ಅತ್ತೆ ಒಳಬಾಗಿಲ ಹಿಂದೆ ನಿಂತಿದ್ದಳು. ಆ ಮನೆಯಲ್ಲಿ ಮೂರು ವರ್ಷ ಒಲೆಯ ಮುಂದೆ ಕಳೆದು ಬಂದವಳು. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲವಂತೆ. 'ಏ, ಸಾರು ತಾ' ಎಂದೇ ಕರೆಯುತ್ತಿದ್ದರಂತೆ. ಅದನ್ನು ಹೇಳುವಾಗ ಅವಳೇ ನಗುತ್ತಾಳೆ. ಇವತ್ತು ನಗಲಿಲ್ಲ.

"ಆಕೀಗೆ ಇಲ್ಲಿ ಒಂದ ಕೈಕೆಲಸ ಐತ್ರಿ," ಎಂದ ಅಪ್ಪ. "ಶಾಲಿಗೆ ಕೊಲ್ಲಾಪುರದಿಂದ ಕೇಳಾಕತ್ತಾರ."

ಆಗಲೇ ನೂಲಿನ ಕೋಣೆಯಿಂದ ಸಾಲಾಗಿ ಮೂರು ಸೀನು.

"ಈ ಕೈಕೆಲಸ ಏನು? ಸೀನೂದು?" ಎಂದು ತಾತ್ಯಾಸಾಹೇಬ ಬೆತ್ತ ಕುಟ್ಟಿ ನಕ್ಕ.

ಅಪ್ಪನಿಗೆ ಅವಮಾನವಾಯಿತು. ಅವಮಾನವಾದಾಗ ಅಪ್ಪ ಕರಾರಿಗೆ ಇಳಿಯುತ್ತಾನೆ. "ದೀಪಾವಳಿತನಕ ನೋಡೂಣ್ರಿ. ಮೊಲದ ಸಂತಾನ ಬೆಳದಿತ್ತಂದ್ರ ಆಕಿ ಇಲ್ಲೇ ಇರತಾಳ. ಇಲ್ಲಂದ್ರ ನಾನ ಗಾಡಿ ಕಟ್ಟಿ ತಂದು ಬಿಡತೀನಿ. ಮಾತು ಅಂದ್ರ ಮಾತು."

ಮೂರು ಹೆಣ್ಣು ಸೀನುತ್ತಿವೆ. ನಾಲ್ಕನೆಯದು ಯಾರನ್ನೂ ಹತ್ತಿರ ಬಿಡುವುದಿಲ್ಲ. ಸಂತಾನವಂತೆ.

ಆಗಸ್ಟ್ ೯

ಬೆಳ್ಳಿ ಹೋಯಿತು. ಅತ್ತೆಯ ತೊಡೆಯ ಮೇಲೆಯೇ. ಕೊನೆಗೆ ಬಾಯಿ ತೆರೆದು ಉಸಿರೆಳೆಯುತ್ತಿತ್ತು.

ಅಕ್ಕಮ್ಮಜ್ಜಿ ಹೊಸ ಊದುಬತ್ತಿ ತಂದಿದ್ದಳು. ಕಸಿದುಕೊಂಡು ಬಚ್ಚಲಿಗೆ ಎಸೆದೆ.

ಆಗಸ್ಟ್ ೧೨

ಸೈಕಲ್ ಮೇಲೆ ಜಮಖಂಡಿ. ಸಂಸ್ಥಾನದ ದನದ ಡಾಕ್ಟರ್ ಅಂದಾನೆಪ್ಪನವರ ಮುಂದೆ ಬುಟ್ಟಿ ಇಟ್ಟೆ. ಒಳಗೆ ಸರದಾರ. ಕೆಸರಲ್ಲಿ ಎರಡು ಸಲ ಬಿದ್ದೆ, ಬುಟ್ಟಿಯನ್ನು ಬೀಳಗೊಡಲಿಲ್ಲ.

ಅಂದಾನೆಪ್ಪನವರು ಕುದುರೆಯ ಗೊರಸು ಕೆತ್ತಿಸುತ್ತಿದ್ದರು. ಕೈ ತೊಳೆದುಕೊಂಡು ಬಂದು, ಸರದಾರನ ಮುಂಗಾಲು ತಿರುವಿ ನೋಡಿ, ಮೂಗು ಒತ್ತಿ, ಎದೆಗೆ ಕಿವಿ ಕೊಟ್ಟರು.

"ಇದು ನೆಗಡಿ ಅಲ್ಲಪಾ. ಕಣ್ಣಿಗೆ ಕಾಣದಂಥ ಜಂತು ಮೂಗಿನ್ಯಾಗ ಮನಿ ಮಾಡ್ಯಾವ. ಒಂದರ ಸೀನಿನಿಂದ ಇನ್ನೊಂದಕ್ಕ ಹಾರತಾವ. ಗಂಡು ಹೆಣ್ಣಿನ ಹಂತ್ಯಾಕ ಹೋತಂದ್ರ ಹೆಣ್ಣಿಗೆ, ಹೆಣ್ಣಿಂದ ಮರಿಗೆ. ಈ ಗಂಡನ್ನ ಎಲ್ಲೆಲ್ಲಿ ಕೂಡಿಸಿದಿ?"

ಹೇಳಿದೆ.

"ಎಲ್ಲಾದರ ಹಂತ್ಯಾಕೂ? ಯಾಕ?"

"ಪುಣ್ಯಾ ತಾಗಲಿ ಅಂತ್ರಿ."

ಅವರು ಸರದಾರನನ್ನು ಮೆಲ್ಲಗೆ ಬುಟ್ಟಿಗೆ ಇಳಿಸಿದರು. "ಔಷಧಾ ಇಲ್ಲ," ಎಂದರು. "ವಿಲಾಯತ್ಯಾಗ ಆದ್ರ ಸೀನೂವನ್ನೆಲ್ಲ ಮುಗಿಸಿ ಉಳದವನ್ನ ಉಳಸ್ತಾರ."

"ನಾವು ಜೈನರ ರೀ."

"ಗೊತ್ತೈತಿ. ಅದಕ್ಕ ಎರಡನೇದು ಹೇಳತೀನಿ, ಅದು ಭಾಳ ತ್ರಾಸಿಂದು. ಒದ್ದಿ ಮೂಗಿನವನ್ನ ಒಣಾ ಮೂಗಿನವರ ಗಾಳಿ ಸೋಂಕದಂಗ ದೂರ ಇಡು. ಅವು ಸಾಯೂತನಕ ಹಂಗ ಇರಬೇಕು. ಆರಾಮ ಕಂಡ್ರೂ ಮೂಗಿನ್ಯಾಗ ಜಂತು ಇರತಾವ. ಹುಲ್ಲು ಮೊದಲ ಒಣಾ ಮೂಗಿಗೆ ಹಾಕು, ಒದ್ದಿ ಮೂಗಿಗೆ ಕಡೀಕ. ಪ್ರತಿ ಸಲ ಕೈ ತೊಳಿ. ಹೊಗಿ ಬ್ಯಾಡ. ಕೆಳಗ ಒಣಾ ಹುಲ್ಲು, ಮ್ಯಾಲ ಗಾಳಿ. ಈಗ ಎಲ್ಲಿಟ್ಟೀರಿ?"

"ನೂಲಿನ ಕೋಣ್ಯಾಗ."

"ಛಲೋ! ನೂಲಿಗೆ ಬೇಕಾದ್ದೆಲ್ಲಾ ಮೊಲಕ್ಕ ವಿಷ. ನಿಮ್ಮ ಊರಾಗ ನೂಲಿನ ಲೆಕ್ಕದಾಗ ಎಲ್ಲಾನೂ ಸಾಕ್ತೀರೇನು?"

ದಾರಿಯುದ್ದಕ್ಕೂ ಯೋಚಿಸಿದೆ. ನಮ್ಮ ಮನೆಯಲ್ಲಿ ಮೂಗು ಒಣಗಿರುವವರು ಇಬ್ಬರೇ: ಅಜ್ಜಿಯ ಬೆರಳು ಕಚ್ಚಿ ಚಪ್ಪರಕ್ಕೆ ಹೋದ ಪುಂಡ, ಸರದಾರನ ಕಿವಿ ಕಚ್ಚಿ ಕಿಟಕಿಗೆ ಹೋದ ಸಕ್ಕರಿ. ಮರ್ಯಾದಸ್ಥರೆಲ್ಲ ಸೀನುತ್ತಿದ್ದಾರೆ.

ಆಗಸ್ಟ್ ೧೩

ಇಂದು ತಮ್ಮ ಪ್ರಜೆ ಸತ್ಯವೆಂಬ ಹೊಸ ಅಸ್ತ್ರವನ್ನು ಪ್ರಯೋಗಿಸಿ ನೋಡಿದ. ಕೆಲಸ ಮಾಡಲಿಲ್ಲ.

ಬೆಳಿಗ್ಗೆ ಬಸದಿಯ ಕಟ್ಟೆಯ ಮೇಲೆ ನಿಂತು ಹೇಳಿದೆ: ಅದು ನಮಸ್ಕಾರ ಅಲ್ಲ, ಸಿಂಬಳ ಒರೆಸಿಕೊಳ್ಳುವುದು, ನಾನು ಚೇಷ್ಟೆ ಮಾಡಿದೆ, ಅದು ರೋಗ, ಬೆಳ್ಳಿ ಅದರಿಂದಲೇ ಸತ್ತಿತು, ಸರದಾರನನ್ನು ಯಾರೂ ಮುಟ್ಟಬೇಡಿ, ಬೇರೆ ಮೊಲದ ಹತ್ತಿರ ಒಯ್ಯಬೇಡಿ.

ಅಕ್ಕಮ್ಮಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು. "ಬಾಯಿ ತೊಳ್ಕೋಳೋ! ಭಕ್ತನ ಕಂಡ್ರ ಹೊಟ್ಟಿಕಿಚ್ಚೇನು ನಿನಗ?"

"ಖರೇ ಹೇಳಾಕತ್ತೇನಿ, ಅಜ್ಜಿ."

"ಖರೇನ? ಹ್ವಾದ ವರ್ಷ ಬಸ್ತಿ ಬಾವ್ಯಾಗ ಮೊಸಳಿ ಐತಿ ಅಂದಾಂವ ಯಾರು? ಮೂರ ದಿನಾ ಇಡೀ ಓಣಿ ನೀರ ಸೇದಲಿಲ್ಲ! ಆವಾಗ ನಂಬಿ ಕೆಟ್ವಿ. ಈ ಸಲ ನಂಬೂದಿಲ್ಲ, ಹೋಗು!"

ಎಲ್ಲರೂ ನಕ್ಕರು. ಮೊಸಳೆಯನ್ನು ನಂಬಿದ ಊರು ಸಿಂಬಳವನ್ನು ನಂಬುತ್ತಿಲ್ಲ. ಮನೆಗೆ ಬರುವಷ್ಟರಲ್ಲಿ ಯಾರೋ ಭಕ್ತನನ್ನು ಮತ್ತೆ ಅರಳಿಯ ಗೂಡಿನಲ್ಲಿ ಕೂರಿಸಿ, ಪಕ್ಕದಲ್ಲಿ ಊದುಬತ್ತಿಯನ್ನೂ ಹಚ್ಚಿದ್ದರು.

ಬಿಡುವುದಿಲ್ಲ. ಸತ್ಯಕ್ಕೆ ನನ್ನ ಬಾಯಿ ಒಗ್ಗದಿದ್ದರೆ ಒಗ್ಗುವುದನ್ನೇ ಹೇಳುತ್ತೇನೆ.

ಆಗಸ್ಟ್ ೧೫

ಖಾವಂದರೇ, ಸಭೆ ಸೇರಿದೆ, ಚಾಮರ ಬೀಸಲಿ! ಇಂದು ಬೆಳಿಗ್ಗೆ ಸ್ನಾನ ಮಾಡಿ, ಮಡಿ ಧೋತ್ರ ಉಟ್ಟು, ಹಣೆಗೆ ಗಂಧ ಇಟ್ಟು, ಅಕ್ಕಮ್ಮಜ್ಜಿಯ ಮನೆಗೆ ಹೋದೆ. ತಲೆ ತಗ್ಗಿಸಿ ನಿಂತೆ.

"ಅಜ್ಜಿ, ನಾನು ಸೋತೆ. ನೀವ ಹೇಳಿದ್ದ ಖರೆ. ಸರದಾರ ಸಾಮಾನ್ಯ ಮೊಲ ಅಲ್ಲ."

"ಈಗ ತಿಳೀತಲ್ಲ."

"ಆಂವ ಬ್ರಹ್ಮಚರ್ಯ ವ್ರತಾ ಹಿಡದಾನ."

ಅಜ್ಜಿಯ ಕೈಯಲ್ಲಿದ್ದ ಜಪಮಣಿ ನಿಂತಿತು. "ಹೆಂಗ ತಿಳೀತು?"

"ಮೊನ್ನಿ ಹೆಣ್ಣಿನ ಗೂಡಿನ್ಯಾಗ ಬಿಟ್ಟಿದ್ರು. ಮಾರಿ ತಿರುವಿ ಕೂತ." ಇದು ಖರೆ, ಉಸಿರಾಡುವುದೇ ಅವನಿಗೆ ಕಷ್ಟವಾಗಿತ್ತು. "ಚಾತುರ್ಮಾಸ ಅಲ್ಲೇನಜ್ಜಿ? ಆಂವಗ ಏಕಾಂತ ಬೇಕಾಗೇತಿ. ಇನ್ನ ನಾವು ಹೆಣ್ಣಿನ ಹಂತ್ಯಾಕ ಒಯ್ದ್ರ ವ್ರತಭಂಗದ ಪಾಪ ನಮಗ."

"ಅಯ್ಯೋ, ಹೌದಲ್ಲೋ!"

"ಮುಟ್ಟಬಾರದು. ದೂರದಿಂದ ದರ್ಶನ. ಊದುಬತ್ತಿನೂ ಬ್ಯಾಡ, ಹೊಗ್ಯಾಗ ಎಷ್ಟ ಸಣ್ಣ ಜೀವ ಸಾಯತಾವ, ಆಂವ ಅದಕ್ಕ ಕಣ್ಣೀರ ಹಾಕ್ತಾನ. ಅರಳಿ, ಮುತ್ತಿನೂ ಅವನ ಹಾದಿ ಹಿಡದಾವ."

ಮಧ್ಯಾಹ್ನದೊಳಗೆ ಊರೇ ನಿಂತು ಬಾವಿ ತೋಟದ ಹಳೆಯ ಮಂಟಪವನ್ನು ಗುಡಿಸಿ, ಒಣ ಹುಲ್ಲು ಹಾಸಿ, ಬಿದಿರಿನ ಮೂರು ಗೂಡು ಕಟ್ಟಿಕೊಟ್ಟಿತು. ನಾಲ್ಕೂ ಕಡೆ ಗಾಳಿ, ಮೇಲೆ ಕಲ್ಲಿನ ಚಾವಣಿ. ಅಂದಾನೆಪ್ಪನವರು ಹೇಳಿದ್ದನ್ನೆಲ್ಲ ಊರು ಮಾಡಿತು. ಕಾರಣ ಮಾತ್ರ ಬೇರೆ. ಸಂತಾನಕ್ಕಾಗಿ ಸಾಕಿದ ಗಂಡು ಬ್ರಹ್ಮಚಾರಿಯಾಗಿ ಮೆರವಣಿಗೆಯಲ್ಲಿ ಹೋಯಿತು.

ಆಗಸ್ಟ್ ೧೬

ಅತ್ತೆ ಬಾವಿಯ ಹತ್ತಿರ ಹಿಡಿದು ನಿಲ್ಲಿಸಿದಳು.

"ವ್ರತಾ ಯಾರು ಹಿಡದಾರ?"

"ಸರದಾರ."

"ಅದಕ್ಕ ಗೊತ್ತೈತೇನು?"

ಕೊಡ ಎತ್ತಿಕೊಂಡು ಹೊರಟೆ. ಅತ್ತೆ ಅಡ್ಡ ನಿಂತಳು.

"ದೂರ ಇಟ್ಟದ್ದು ಛಲೋ ಆತು. ಡಾಕ್ಟರ ಮಾತು ಮಲಕಾಜಪ್ಪಗ ನೀ ಹೇಳಿದ್ದು ನನಗೂ ಮುಟ್ಟೇತಿ. ಆದ್ರ ವ್ರತಾ ಅಂತ ಊರಿಗೆ ಹೇಳಿದ ಮ್ಯಾಲೆ, ಯಾರೋ ಒಬ್ರು ಅದನ್ನ ಹಿಡೀಬೇಕಪಾ. ಸುಮ್ನ ಗಾಳ್ಯಾಗ ಬಿಡೂ ಹಂಗಿಲ್ಲ."

"ಅಂದ್ರ ನಾನು ಬ್ರಹ್ಮಚಾರಿ ಆಗಬೇಕೇನ?"

"ನಿನಗ ಹೆಣ್ಣ ಯಾರ ಕೊಟ್ಟಾರ? ಅದು ಈಗಾಗಲೇ ಐತಿ." ಮೊದಲ ಸಲ ನಕ್ಕಳು. ಆಮೇಲೆ ಗಂಭೀರವಾದಳು. "ಸಕ್ಕರಿ ಈಯೂತನಕ ಸುಳ್ಳಿಲ್ಲ, ಚೇಷ್ಟಿ ಇಲ್ಲ. ಹಿಡೀತಿಯೋ ಇಲ್ಲೋ?"

"ಅತ್ತಿ, ಇದು ಹಿಂಸಾ."

"ಹಿಡೀತಿಯೋ ಇಲ್ಲೋ?"

ಹಿಡಿದೆ. ತಮ್ಮ ಸಾಮ್ರಾಜ್ಯದಲ್ಲಿ ಇಂಥ ಅನ್ಯಾಯ ನಡೆಯುತ್ತಿದೆ, ಖಾವಂದರು ಗಮನಿಸಬೇಕು.

ಆಗಸ್ಟ್ ೨೪

ಒಣ ಮೂಗಿನ ಇಬ್ಬರಿಗೂ ಮನೆಯೊಳಗೆ ಒಳ್ಳೆಯ ಜಾಗ ಬೇಕು. ಚಪ್ಪರಕ್ಕೆ ಮಳೆಯ ಇರಚಲು ಹೊಡೆಯುತ್ತಿದೆ. ಅಡುಗೆಮನೆಯಲ್ಲಿ ಹೊಗೆ. ನೂಲಿನ ಕೋಣೆಯ ಕಿಟಕಿ ತೆರೆದು ಒಂದು ಮೂಲೆ ಬಿಟ್ಟುಕೊಡಿ ಎಂದು ಅಪ್ಪನನ್ನು ಕೇಳಿದೆ.

"ನೂಲಿನ ಕೋಣಿ ಕಿಡಕಿ ತೆರದಾಂವ ನಮ್ಮ ವಂಶದಾಗ ಯಾರೂ ಹುಟ್ಟಿಲ್ಲ!"

"ನಾ ಹುಟ್ಟೇನಲ್ರಿ."

"ಹುಟ್ಟಿ ಏನ್ ಉದ್ಧಾರ ಮಾಡಿದಿ? ಮೊಲಾನೂ ಕಳದಿ, ಮ್ಯಾಟ್ರಿಕೂ ಕಳದಿ."

ಜಗಳಕ್ಕೆ ಹೊತ್ತಿಲ್ಲ. ಮೇಲಿನ ನನ್ನ ಮಾಳಿಗೆಗೆ ಎರಡು ಕಡೆ ಕಿಟಕಿ. ಮಂಚ ಕೆಳಗಿಳಿಸಿ, ನೆಲ ಸುಣ್ಣದ ನೀರಿನಲ್ಲಿ ತೊಳೆದು, ಒಣಗಿಸಿ, ಅವರನ್ನು ಮೇಲೆ ಹತ್ತಿಸಿದೆ. ನಾನು ನೂಲಿನ ಕೋಣೆಗೆ ಇಳಿದೆ. ದಿನಚರ್ಯೆ ಹೀಗೆ: ಎದ್ದು ಮೊದಲು ಮಾಳಿಗೆಗೆ ಗರಿಕೆ, ಹುಲ್ಲು ಬದಲಿಸುವುದು. ಆಮೇಲೆ ಬಾವಿ ತೋಟಕ್ಕೆ. ಆಮೇಲೆ ಬೂದಿ ಹಾಕಿ ಕೈ ತೊಳೆದು, ಅಂಗಿ ಬದಲಿಸಿ, ಮತ್ತೆ ಕೈ ತೊಳೆಯುವುದು. ಬೂದಿಗೆ ಬೆರಳು ಬಿರಿದಿವೆ. ಮುಂದಿನ ಸಲ ಮ್ಯಾಟ್ರಿಕ್‌ನಲ್ಲಿ ಕೈ ತೊಳೆಯುವ ವಿಷಯ ಇಟ್ಟರೆ ಪ್ರಥಮ ದರ್ಜೆ.

ಆಗಸ್ಟ್ ೨೭

ಸಕ್ಕರಿಯ ಮೂಗು ಒಣ. ಪುಂಡನದೂ ಒಣ. ದಿನಾ ಪಾದ ಮುಟ್ಟಿ ನೋಡುತ್ತೇನೆ. ಪಾದ ಮುಟ್ಟುವುದರಲ್ಲಿ ನಾನು ಈ ಊರಿನ ಎಲ್ಲ ಭಕ್ತರನ್ನೂ ಮೀರಿಸಿದ್ದೇನೆ.

ಇನ್ನೆರಡು ದಿನಕ್ಕೆ ದಶಲಕ್ಷಣ ಪರ್ವ. ಪರ್ವದಲ್ಲಿ ಮದುವೆ ಮಾಡಗೊಡುವುದಿಲ್ಲ ಎಂದಳು ಅತ್ತೆ. ಹಾಗಾಗಿ ಇಂದೇ. ಸಕ್ಕರಿಯನ್ನು ಪುಂಡನ ಗೂಡಿಗೆ ಬಿಟ್ಟೆವು. ಇಬ್ಬರೂ ಕಚ್ಚುವವರು. ನಾನು ಕಿಟಕಿಯ ಹೊರಗೆ ನೋಡುತ್ತ ನಿಂತೆ, ಅತ್ತೆ ಗೋಡೆ ನೋಡುತ್ತ ನಿಂತಳು. ಒಳಗೆ ಕಾದಾಟದ ಸದ್ದು, ಆಮೇಲೆ ಸದ್ದಿಲ್ಲ.

"ಆತೇನ?" ಎಂದಳು ಅತ್ತೆ ಗೋಡೆಗೆ.

"ಆದಂಗ ಕಾಣತೈತಿ," ಎಂದೆ ಕಿಟಕಿಗೆ.

ಸೆಪ್ಟೆಂಬರ್ ೪

ಪರ್ವದ ಜನಸಾಗರ ಮಂಟಪದ ಮುಂದೆ. ತೆರದಾಳದಿಂದಲೂ ಬಂದಿದ್ದರು. ಒಬ್ಬಾಕೆ ತನ್ನ ಮೊಲವನ್ನೇ ಸೆರಗಿನಲ್ಲಿ ಕಟ್ಟಿಕೊಂಡು ತಂದು, ಭಕ್ತನ ಪಕ್ಕ ಒಂದು ಗಳಿಗೆ ಇಡುತ್ತೇನೆ ಎಂದಳು. ಅಡ್ಡ ನಿಂತೆ.

"ಯಾಕ ಇಡಬಾರದು?"

ಸುಳ್ಳು ಹೇಳುವಂತಿಲ್ಲ. ನಾಲಿಗೆಯ ತುದಿಯಲ್ಲಿ ಹನ್ನೆರಡು ಸುಳ್ಳು ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ಚೆಲುವೆ.

"ನಿಮ್ಮ ಮೊಲ ಸಾಯತೈತ್ರಿ, ಅವ್ವಾ," ಎಂದೆ. "ನಮ್ಮದೊಂದು ಸತ್ತೈತಿ."

ಯಾಕೋ ಆಕೆ ನಂಬಿದಳು. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ದೂರ ಸರಿದಳು. ನನ್ನ ಮುಖ ಏನಾಗಿತ್ತೋ.

ನೂಲಿನ ಕೋಣೆಯಲ್ಲಿ ಮಲಗಿ ಮಲಗಿ ನನಗೇ ಸೀನು ಹತ್ತಿದೆ. ಅತ್ತೆ ಕಷಾಯ ಕೊಡುತ್ತ, "ನಿನಗೂ ಭಕ್ತಿ ಬಂತಲ್ಲೋ" ಎಂದಳು. ನನಗೆ ಸೀನು ಇರುವವರೆಗೆ ಮಾಳಿಗೆ ಹತ್ತುವುದಿಲ್ಲ ಎಂದಿದ್ದೇನೆ. ಮನುಷ್ಯರದು ಮೊಲಕ್ಕೆ ಹತ್ತುತ್ತದೋ ಇಲ್ಲವೋ, ಅಂದಾನೆಪ್ಪನವರನ್ನು ಕೇಳಲು ಮರೆತಿದ್ದೆ. ಅತ್ತೆ ಹತ್ತುತ್ತಾಳೆ. ನಾನು ಮೆಟ್ಟಿಲ ಕೆಳಗೆ ನಿಂತು "ಪಾದ ಒಣಗ್ಯಾವೇನ್ರಿ?" ಎಂದು ಕೂಗುತ್ತೇನೆ.

ಸೆಪ್ಟೆಂಬರ್ ೧೯

ಮುತ್ತಿ ಹೋಯಿತು. ಅರಳಿ ಹುಲ್ಲು ತಿನ್ನುತ್ತಿದೆ. ಸರದಾರ ಸೊರಗಿದ್ದರೂ ಗಾಳಿಗೆ ಉಸಿರು ಸ್ವಲ್ಪ ಸಲೀಸಾಗಿದೆ; ಸೀನು ಹಾಗೇ ಇದೆ. ಮುತ್ತಿಯನ್ನು ಬೆಳ್ಳಿಯ ಪಕ್ಕದಲ್ಲೇ ಹೂತೆವು. ಅಕ್ಕಮ್ಮಜ್ಜಿ ವ್ರತ ಪೂರೈಸಿದ ಜೀವ ಎಂದು ಕೈ ಮುಗಿದಳು. ತಿದ್ದಲು ಬಾಯಿ ತೆರೆದೆ. ಆಕೆಯ ಕಣ್ಣಲ್ಲಿ ನೀರಿತ್ತು. ಮುಚ್ಚಿಕೊಂಡೆ.

ಸೆಪ್ಟೆಂಬರ್ ೨೭

ಸಕ್ಕರಿ ನಿನ್ನೆಯಿಂದ ತನ್ನ ಎದೆಯ ಕೂದಲನ್ನೇ ಕಿತ್ತು ಗೂಡು ಮಾಡುತ್ತಿದ್ದಳು. ಇಂದು ಬೆಳಿಗ್ಗೆ ಆ ಬಿಳಿ ಗುಡ್ಡೆಯೇ ಉಸಿರಾಡುತ್ತಿತ್ತು. ಅತ್ತೆ ಬೆರಳಿನಿಂದ ಮೆಲ್ಲಗೆ ಸರಿಸಿದಳು. ಕೂದಲಿಲ್ಲದ, ಕಣ್ಣು ತೆರೆಯದ, ಹಸಿ ಗೆಣಸಿನಂಥ ಆರು.

"ಶಾಲಿನಂಥಾ ಕೂದಲಾ ಕಿತ್ತು ಹಾಕ್ಯಾಳ ನೋಡು," ಎಂದಳು ಅತ್ತೆ. ಒಂದು ಎಳೆಯನ್ನೂ ತೆಗೆದುಕೊಳ್ಳಲಿಲ್ಲ.

ಆಮೇಲೆ ನೆನಪಾಯಿತು: ಸಕ್ಕರಿ ಈದಳು. ನನ್ನ ವ್ರತ ಮುಗಿಯಿತು. ಸಂಜೆ ಅಪ್ಪನ ಚಪ್ಪಲಿ ಅಡಗಿಸೋಣ ಎಂದು ಎತ್ತಿಕೊಂಡೆ. ಮಾಳಿಗೆಯ ಹುಲ್ಲು ಬದಲಿಸಬೇಕಿತ್ತು, ಇದ್ದಲ್ಲೇ ಇಟ್ಟುಬಿಟ್ಟೆ.

ಅಕ್ಟೋಬರ್ ೨೪

ದೀಪಾವಳಿಯ ನಿರ್ವಾಣ ಲಾಡು ಅರ್ಪಿಸಿ ಬಸದಿಯಿಂದ ಬರುವಷ್ಟರಲ್ಲಿ ತಾತ್ಯಾಸಾಹೇಬನ ಗಾಡಿ ಬಾಗಿಲಲ್ಲಿತ್ತು. ಅತ್ತೆಗೆಂದು ಗಾಡಿಯಲ್ಲಿ ಗಾದಿ ಹಾಸಿಕೊಂಡೇ ಬಂದಿದ್ದ. ಅಕ್ಕಮ್ಮಜ್ಜಿಯೂ ಮಲಕಾಜಪ್ಪನೂ ಸುದ್ದಿ ಕೇಳಿ ಬಂದರು.

ಎಲ್ಲರನ್ನೂ ಕೈ ತೊಳೆಸಿ ಮಾಳಿಗೆ ಹತ್ತಿಸಿದೆ. ತಾತ್ಯಾಸಾಹೇಬ ಗೊಣಗುತ್ತ ತೊಳೆದ. ಆರು ಮರಿ, ಈಗ ಮೈ ತುಂಬ ಕೂದಲು, ಬಿಸಿಲಿನ ಚೌಕದಲ್ಲಿ ಉರುಳಾಡುತ್ತಿದ್ದವು. ಅಪ್ಪ ಎದೆ ಸೆಟೆಸಿ ನಿಂತ.

ಆಗ ಒಂದು ಮರಿ ಕೂತು, ಎರಡೂ ಮುಂಗಾಲು ಎತ್ತಿ ಮುಖಕ್ಕೆ ಒಯ್ದಿತು.

"ಅಯ್ಯ, ಇದೂ ಭಕ್ತ!" ಎಂದಳು ಅಕ್ಕಮ್ಮಜ್ಜಿ.

"ಇದೂ ಸೀನೂದೇನು?" ಎಂದ ತಾತ್ಯಾಸಾಹೇಬ.

ಅತ್ತೆ ಮರಿಯನ್ನು ಎತ್ತಿ, ಪಾದದ ಒಳಬದಿಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಮೂಗಿಗೆ ಬೆರಳು ಇಟ್ಟಳು. ಎದೆಯನ್ನು ಕಿವಿಗೆ ಹಿಡಿದಳು. ಎಷ್ಟು ಹೊತ್ತು ಹಿಡಿದಳೋ.

"ಒಣಗೇತಿ," ಎಂದಳು. "ಮಾರಿ ತೊಳ್ಕೊಳ್ಳಾಕತ್ತೈತಿ, ಅಷ್ಟ."

ತಾತ್ಯಾಸಾಹೇಬ ನನ್ನ ಕಡೆ ತಿರುಗಿದ. "ತ್ವಾಟದಾಗಿನ ಆ ಬ್ರಹ್ಮಚಾರಿ ಮೊಲದ ಪುಣ್ಯಾ ಅಂತಾರಲ್ಲ ಊರಾಗ. ಖರೇ ಏನೋ?"

"ಸುಳ್ಳ್ರಿ. ಅದಕ್ಕ ರೋಗ ಐತಿ. ವ್ರತಾ ನಾ ಕಟ್ಟಿದ ಸುಳ್ಳು. ದೂರ ಇಟ್ಟದ್ದಕ್ಕ ಇವು ಉಳದಾವ."

"ನೋಡ್ರಿ, ಮತ್ತ ಸುರು ಆತು ಇವನ ಚೇಷ್ಟಿ!" ಎಂದು ಅಕ್ಕಮ್ಮಜ್ಜಿ ಸೆರಗು ಬಾಯಿಗಿಟ್ಟು ನಕ್ಕಳು. ಮಲಕಾಜಪ್ಪನೂ ನಕ್ಕ. ಅತ್ತೆ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ವ್ರತ ಮುಗಿದು ತಿಂಗಳಾಗಿತ್ತು. ಹಳೆಯ ರೂಢಿಯಿಂದ ಬಾಯಿಗೆ ಬಂತು, ಅಷ್ಟೇ.

"ಮಾತು ಅಂದ್ರ ಮಾತು, ತಾತ್ಯಾಸಾಹೇಬ," ಎಂದ ಅಪ್ಪ. "ಪದ್ಮ ಇಲ್ಲೇ ಇರತಾಳ."

ಗಾಡಿ ಖಾಲಿ ಗಾದಿಯೊಂದಿಗೆ ಮುಧೋಳಕ್ಕೆ ಹೋಯಿತು. ಅತ್ತೆ ಮಧ್ಯಾಹ್ನವೆಲ್ಲ ಚರಕದ ಮುಂದೆ ಕೂತಿದ್ದಳು. ನೂಲಲಿಲ್ಲ, ಸುಮ್ಮನೆ ಗಾಲಿ ತಿರುಗಿಸುತ್ತಿದ್ದಳು. ಅಪ್ಪ ಸಂಜೆ ನೂಲಿನ ಕೋಣೆಯ ಒಂದು ಕಿಟಕಿ ತೆರೆದ. "ನೀ ಸೀನಿದ್ರ ನನಗ ನಿದ್ದಿ ಬರೂದಿಲ್ಲ," ಎಂದ.

ಇತಿ ಶ್ರೀ ಬನಹಟ್ಟಿ ಮಾಳಿಗೆ ಸಂಸ್ಥಾನದ ವಿಜಯ ವೃತ್ತಾಂತ. ಸಿಂಬಳಕ್ಕೂ ಭಕ್ತಿಗೂ ಇರುವ ಭೇದವನ್ನು ತಿಳಿದ ಏಕಮಾತ್ರ ಪಂಡಿತನು ಇದನ್ನು ಬರೆದು, ತಮ್ಮ ರಟ್ಟಿಗೆ ಹಣೆ ಹಚ್ಚಿ ಬೀಳ್ಕೊಳ್ಳುತ್ತಾನೆ.

ಇನ್ನೊಂದು ಸಣ್ಣ ಮಾತು ಉಳಿದಿದೆ. ಗಾಡಿ ಹೋದ ಮೇಲೆ ಹುಲ್ಲು ತೆಗೆದುಕೊಂಡು ಬಾವಿ ತೋಟಕ್ಕೆ ಹೋದೆ. ಸರದಾರ ನನ್ನನ್ನು ನೋಡಿ ಎದ್ದು ಕೂತ, ಸೀನಿದ, ಎರಡೂ ಮುಂಗಾಲು ಜೋಡಿಸಿ ಮುಖಕ್ಕೆ ಒಯ್ದ. ಅದು ಏನೆಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡೆ. ಹುಲ್ಲನ್ನು ಕೆಳಗಿಟ್ಟು, ನಾನೂ ಕೈ ಮುಗಿದೆ.